ಇರುವುದನ್ನು ಕಾಣಿಸುವುದು: ಶಾಲಾ ಛಾಯಾಚಿತ್ರಗಳ ದೋಷ ಮತ್ತು ತಿದ್ದುಪಡಿ
(ಉಮರ್ಗಾ, ನಿಲಂಗಾ ಮತ್ತು ಉದಗೀರ ಭಾಗದ ಕನ್ನಡ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಗಡಿಭಾಗದ ಕನ್ನಡ ಶಿಕ್ಷಕರ ಮೊಬೈಲಿನಲ್ಲಿರುವ ಚಿತ್ರಗಳನ್ನು ವಿಂಗಡಿಸಿದರೆ ಸಾಮಾನ್ಯವಾಗಿ ಮೂರು ಬಗೆಯವು ದೊರೆಯುತ್ತವೆ. ಮೊದಲನೆಯವು ಶಾಲೆಯ ಚಿತ್ರಗಳು: ಧ್ವಜಾರೋಹಣ, ಬಾಲಸಭೆ, ಮಧ್ಯಾಹ್ನದ ಊಟ, ತರಗತಿಯ ಚಟುವಟಿಕೆ. ಎರಡನೆಯವು ಕಾಗದದ ಚಿತ್ರಗಳು: ಪಠ್ಯಪುಸ್ತಕದ ಪುಟ, ಮಕ್ಕಳ ಬರಹ, ಹಳೆಯ ದಾಖಲೆ. ಮೂರನೆಯವು ಊರಿನ ಚಿತ್ರಗಳು: ಗುಡಿಯ ಕಂಬ, ವೀರಗಲ್ಲು, ಶಾಸನ, ಮನೆಯ ಗೋಡೆಯ ಮೇಲೆ ತೂಗಿರುವ ಹಿರಿಯರ ಭಾವಚಿತ್ರ. ವಸ್ತು ಯಾವುದೇ ಇರಲಿ, ದೋಷಗಳು ಬಹುಪಾಲು ಒಂದೇ. ಚಿತ್ರ ಕತ್ತಲಾಗಿರುತ್ತದೆ, ಓರೆಯಾಗಿರುತ್ತದೆ, ಬಣ್ಣಗೆಟ್ಟಿರುತ್ತದೆ, ಮಸುಕಾಗಿರುತ್ತದೆ ಅಥವಾ ಮಾಸಿಹೋಗಿರುತ್ತದೆ.

ಇವುಗಳನ್ನು ಸರಿಪಡಿಸುವ ತಂತ್ರಾಂಶಗಳು ಇಂದು ಎಲ್ಲರ ಕೈಗೆ ಎಟುಕುತ್ತವೆ. 1990ರಲ್ಲಿ ಅಡೋಬಿ ಸಂಸ್ಥೆಯ ಫೋಟೊಶಾಪ್ ಮಾರುಕಟ್ಟೆಗೆ ಬಂದಾಗ ಅದು ಮುದ್ರಣಾಲಯಗಳ ಮತ್ತು ಸ್ಟುಡಿಯೊಗಳ ಸಾಧನವಾಗಿತ್ತು. 1995ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ ಜಿಂಪ್ ಎಂಬ ತಂತ್ರಾಂಶವು ಉಚಿತವಾಗಿದ್ದು, ಶಾಲೆಯ ಹಳೆಯ ಕಂಪ್ಯೂಟರಿನಲ್ಲಿಯೂ ಸಾಮಾನ್ಯವಾಗಿ ನಡೆಯುತ್ತದೆ. ಮೊಬೈಲಿನಲ್ಲಿ ಗೂಗಲ್ಲಿನ ಸ್ನ್ಯಾಪ್‌ಸೀಡ್ ಇದೇ ಕೆಲಸವನ್ನು ಬೆರಳ ತುದಿಯಲ್ಲಿ ಮಾಡಿಕೊಡುತ್ತದೆ. ಆದುದರಿಂದ ಸಾಧನದ ಕೊರತೆ ಇಂದಿನ ತೊಡಕಲ್ಲ. ಎಲ್ಲಿಯವರೆಗೆ ತಿದ್ದಬೇಕು, ಎಲ್ಲಿ ಕೈ ಹಿಂದೆಗೆಯಬೇಕು ಎಂಬ ವಿವೇಕವೇ ಈ ಉಪನ್ಯಾಸದ ವಿಷಯ. ಅದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಚಿತ್ರದಲ್ಲಿ ಇರುವುದನ್ನು ಕಾಣುವಂತೆ ಮಾಡುವುದು ತಿದ್ದುಪಡಿ. ಇಲ್ಲದ್ದನ್ನು ತಂದು ಕೂಡಿಸುವುದು ಬೇರೆಯೇ ಕೆಲಸ.

ಈ ನೆಲದಲ್ಲಿ ಒಂದು ಚಿತ್ರದ ಬೆಲೆ

ಈ ವಿವೇಕವು ಬೇರೆಡೆಗಿಂತ ಈ ಭಾಗದಲ್ಲಿ ಹೆಚ್ಚು ಅಗತ್ಯವಾಗಿದೆ. ಉಮರ್ಗಾ, ನಿಲಂಗಾ, ಉದಗೀರಗಳು ಇಂದು ಮಹಾರಾಷ್ಟ್ರದ ಆಗ್ನೇಯ ಅಂಚಿನಲ್ಲಿವೆ. ಕಲ್ಯಾಣದ ಚಾಲುಕ್ಯರ ರಾಜಧಾನಿಯಾಗಿದ್ದ ಬಸವಕಲ್ಯಾಣವು ಇಲ್ಲಿಂದ ದೂರವಿಲ್ಲ. 1956ರ ನವೆಂಬರ್ 1ರವರೆಗೆ ನಿಲಂಗಾ ಮತ್ತು ಉದಗೀರ ತಾಲೂಕುಗಳು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ಉಮರ್ಗಾ ಉಸ್ಮಾನಾಬಾದ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಇವು ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದವು. 1982ರಲ್ಲಿ ಲಾತೂರ ಜಿಲ್ಲೆ ರಚನೆಯಾದಾಗ ನಿಲಂಗಾ, ಉದಗೀರಗಳು ಅದರೊಳಗೆ ಬಂದವು. ಹೀಗೆ ಆಡಳಿತದ ಗಡಿಗಳು ಹಲವು ಸಲ ಸರಿದವು. ಮನೆಯ ಮಾತು, ಗುಡಿಯ ಕಲ್ಲು, ಪೆಟ್ಟಿಗೆಯಲ್ಲಿನ ಕಾಗದಗಳು ಇದ್ದಲ್ಲಿಯೇ ಉಳಿದವು.

ಆ ಕಾಗದಗಳ ಸ್ವರೂಪವೂ ಗಮನಾರ್ಹ. ನಿಜಾಮರ ಆಡಳಿತದ ಭಾಷೆ ಉರ್ದುವಾಗಿದ್ದುದರಿಂದ ಜಮೀನಿನ ಹಳೆಯ ದಾಖಲೆಗಳು ಉರ್ದುವಿನಲ್ಲಿರುತ್ತವೆ. ಮರಾಠಿಯ ಹಳೆಯ ಲೆಕ್ಕಪತ್ರಗಳು ಮೋಡಿ ಲಿಪಿಯಲ್ಲಿರುತ್ತವೆ. ಕನ್ನಡದ ಬರಹವು ಮನೆಯ ಲೆಕ್ಕದ ಪುಸ್ತಕದಲ್ಲಿ, ಮಠದ ತಾಡವೋಲೆಯಲ್ಲಿ, ಪುರಾಣದ ಕೈಬರಹದಲ್ಲಿ ಉಳಿದಿರಬಹುದು. ಶಿಲೆಯ ಮೇಲಿನ ಕನ್ನಡವಂತೂ ಮರಾಠವಾಡದುದ್ದಕ್ಕೂ ಹರಡಿದೆ. ಉದಗೀರಕ್ಕೆ ನೆರೆಯ ನಾಂದೇಡ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಮತ್ತು ಜಿ. ಸಿ. ಶೆಳಕೆ ಅವರು ಸಂಪಾದಿಸಿ 1968ರಲ್ಲಿ ಪ್ರಕಟಿಸಿದ ಸಂಪುಟವು, ಚಾಲುಕ್ಯರ ಕಾಲದಲ್ಲಿ ಆ ಭಾಗದ ಶಾಸನಭಾಷೆಯಾಗಿ ಕನ್ನಡವು ಎಷ್ಟು ಬಳಕೆಯಲ್ಲಿತ್ತೆಂಬುದನ್ನು ತೋರಿಸುತ್ತದೆ.

ಪುಣೆಯ ಬಾಲಭಾರತಿಯು ಕನ್ನಡ ಮಾಧ್ಯಮಕ್ಕೂ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುತ್ತದೆ. ಆದರೆ ಮಗುವಿನ ಸ್ವಂತ ಊರಿನ ಕನ್ನಡವನ್ನು ಪಾಠಕ್ಕೆ ತರುವ ಕೆಲಸ ಶಿಕ್ಷಕರದೇ. ಅದಕ್ಕೆ ಮೊಬೈಲಿನ ಚಿತ್ರವೇ ಮುಖ್ಯ ಸಾಧನ. ಕಲ್ಲು ನಾಳೆ ಸುಣ್ಣದ ಅಡಿ ಮುಚ್ಚಿಹೋಗಬಹುದು, ಕಾಗದ ಗೆದ್ದಲಿಗೆ ತುತ್ತಾಗಬಹುದು. ಆಗ ಉಳಿಯುವುದು ಶಿಕ್ಷಕರು ತೆಗೆದ ಚಿತ್ರ ಮಾತ್ರ. ಅದನ್ನು ತಿದ್ದುವಾಗ ತಪ್ಪಿದರೆ ಮುಂದೆ ಹೋಲಿಸಿ ನೋಡಲು ಮೂಲವೇ ಇರುವುದಿಲ್ಲ.

ಮೊದಲ ನಿಯಮ: ಮೂಲಪ್ರತಿಯನ್ನು ಮುಟ್ಟದಿರುವುದು

ತಿದ್ದುಪಡಿಗೆ ಮುನ್ನ ಮಾಡಬೇಕಾದ ಕೆಲಸ ಒಂದೇ: ಚಿತ್ರದ ನಕಲನ್ನು ಮಾಡಿಕೊಂಡು, ನಕಲಿನ ಮೇಲೆ ಮಾತ್ರ ಕೆಲಸ ಮಾಡುವುದು. 'ಮೂಲ' ಎಂಬ ಒಂದು ಫೋಲ್ಡರು, 'ತಿದ್ದಿದ್ದು' ಎಂಬ ಇನ್ನೊಂದು ಫೋಲ್ಡರು ಇದ್ದರೆ ಸಾಕು. ಕಡತದ ಹೆಸರಿನಲ್ಲಿ ಊರು, ವಸ್ತು, ದಿನಾಂಕಗಳನ್ನು ಸೇರಿಸುವುದು ಒಳ್ಳೆಯದು. ಮೊಬೈಲು ತಾನೇ ಕೊಡುವ ಅಂಕಿಗಳ ಹೆಸರಿನಿಂದ ಐದು ವರ್ಷಗಳ ನಂತರ ಯಾರಿಗೂ ಏನೂ ತಿಳಿಯದು.

ಜೆಪೆಗ್ ಎಂಬ ಸಾಮಾನ್ಯ ಕಡತದ ಬಗೆಯು ಚಿತ್ರವನ್ನು ಚಿಕ್ಕದಾಗಿಸಲು ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿಯೇ ಉಳಿಸಿದ ಪ್ರತಿಸಲವೂ ಒಂದಷ್ಟು ವಿವರ ನಷ್ಟವಾಗುತ್ತದೆ. ಆದುದರಿಂದ ಕೆಲಸ ನಡೆಯುವವರೆಗೆ ಜಿಂಪಿನ ಸ್ವಂತ ಕಡತವಾಗಿಯೋ, ಪಿಎನ್‌ಜಿ ಅಥವಾ ಟಿಫ್ ಆಗಿಯೋ ಉಳಿಸಿ, ಕೊನೆಗೊಮ್ಮೆ ಮಾತ್ರ ಜೆಪೆಗ್ ಮಾಡಿಕೊಳ್ಳಬೇಕು. ವಾಟ್ಸ್‌ಆ್ಯಪ್ ಮೂಲಕ ಫೋಟೊ ಆಗಿ ಕಳುಹಿಸಿದ ಚಿತ್ರವು ಕುಗ್ಗಿ ತಲುಪುತ್ತದೆ. ಅದರೊಳಗೆ ಅಡಗಿರುವ ದಿನ, ಸಮಯಗಳ ಮಾಹಿತಿಯೂ ಅಳಿದುಹೋಗುತ್ತದೆ. ಅದೇ ಚಿತ್ರವನ್ನು 'ಡಾಕ್ಯುಮೆಂಟ್' ಆಗಿ ಕಳುಹಿಸಿದರೆ ಮೂಲದ ಗಾತ್ರದಲ್ಲಿಯೇ ತಲುಪುತ್ತದೆ. ಗಡಿಯಾಚೆಯ ವಿದ್ವಾಂಸರಿಗೆ ಶಾಸನದ ಚಿತ್ರ ಕಳುಹಿಸುವಾಗ ಈ ಸಣ್ಣ ಎಚ್ಚರವು ದೊಡ್ಡ ಅಂತರವನ್ನುಂಟುಮಾಡುತ್ತದೆ.

ಕತ್ತಲೆಯ ಮುಖ, ಬಿಳಿಯ ಆಕಾಶ

ಪ್ರತಿವರ್ಷ ಸೆಪ್ಟೆಂಬರ್ 17ರಂದು ಮರಾಠವಾಡದ ಶಾಲೆಗಳಲ್ಲಿ ಮುಕ್ತಿಸಂಗ್ರಾಮ ದಿನದ ಧ್ವಜಾರೋಹಣ ನಡೆಯುತ್ತದೆ. ಗಡಿಯ ಆಚೆ ಬೀದರ, ಕಲಬುರಗಿಗಳಲ್ಲಿ ಅದೇ ದಿನ ಕಲ್ಯಾಣ ಕರ್ನಾಟಕ ಉತ್ಸವ. 1948ರ ಆ ದಿನ ಇಡೀ ಪ್ರದೇಶ ನಿಜಾಮರ ಆಡಳಿತದಿಂದ ಬಿಡುಗಡೆಯಾಯಿತು. ಅಂದಿನ ಬೆಳಗಿನ ಚಿತ್ರದಲ್ಲಿ ಪದೇ ಪದೇ ಕಾಣುವ ದೋಷವೊಂದಿದೆ: ಮಕ್ಕಳ ಬೆನ್ನ ಹಿಂದೆ ಸೂರ್ಯ ಇರುವುದರಿಂದ ಆಕಾಶ ಬೆಳ್ಳಗೆ, ಮುಖಗಳು ಕಪ್ಪಗೆ. ನಿಲಂಗಾದ ನೀಲಕಂಠೇಶ್ವರ ಗುಡಿಯಂತಹ ಹಳೆಯ ದೇವಾಲಯಗಳ ಒಳಮಂಟಪದಲ್ಲಿ ತೆಗೆದ ಚಿತ್ರಕ್ಕೂ ಇದೇ ಗತಿ: ಬಾಗಿಲು ಬೆಳಕಿನ ಚೌಕವಾಗುತ್ತದೆ, ಕಂಬಗಳು ಕತ್ತಲಲ್ಲಿ ಕರಗುತ್ತವೆ.

ಇದನ್ನು ಸರಿಪಡಿಸಲು ಚಿತ್ರದ ಹಿಸ್ಟೊಗ್ರಾಂ ಎಂಬ ನಕ್ಷೆಯನ್ನು ಓದಲು ಬರಬೇಕು. ಸಾಮಾನ್ಯ ಚಿತ್ರದಲ್ಲಿ ಪ್ರತಿ ಬಿಂದುವಿನ ಬೆಳಕಿಗೆ 0ಯಿಂದ 255ರವರೆಗಿನ ಒಂದು ಅಂಕಿ ಇರುತ್ತದೆ. 0 ಎಂದರೆ ಪೂರ್ಣ ಕಪ್ಪು, 255 ಎಂದರೆ ಪೂರ್ಣ ಬಿಳಿ. ನಕ್ಷೆಯ ಎಡಬದಿಯಲ್ಲಿ ಕಪ್ಪು ಬಿಂದುಗಳು, ಬಲಬದಿಯಲ್ಲಿ ಬಿಳಿ ಬಿಂದುಗಳು ಗುಡ್ಡದಂತೆ ಕಾಣುತ್ತವೆ. ಜಿಂಪಿನ 'ಕಲರ್ಸ್' ಪಟ್ಟಿಯಲ್ಲಿರುವ 'ಲೆವೆಲ್ಸ್' ತೆರೆದು ನಡುವಿನ ಗುಂಡಿಯನ್ನು ಎಡಕ್ಕೆ ಸರಿಸಿದರೆ ಮಧ್ಯಮ ಛಾಯೆಗಳು ಬೆಳಗುತ್ತವೆ. ಮುಖಗಳನ್ನಷ್ಟೇ ಬೆಳಗಿಸಿ ಆಕಾಶವನ್ನು ಹಾಗೆಯೇ ಬಿಡಬೇಕಾದರೆ ಅದೇ ಪಟ್ಟಿಯಲ್ಲಿರುವ 'ಶ್ಯಾಡೋಸ್–ಹೈಲೈಟ್ಸ್' ಹೆಚ್ಚು ಸೂಕ್ತ.

ಇಲ್ಲಿ ಒಂದು ಮಿತಿಯುಂಟು. ಕತ್ತಲಾದ ಭಾಗದಲ್ಲಿ ಸಾಮಾನ್ಯವಾಗಿ ಸ್ವಲ್ಪ ವಿವರ ಅಡಗಿರುತ್ತದೆ. ಬೆಳಗಿಸಿದರೆ ಕಾಳುಕಾಳಾಗಿಯಾದರೂ ಹೊರಬರುತ್ತದೆ. ಆದರೆ 255ಕ್ಕೆ ಮುಟ್ಟಿ ಪೂರ್ತಿ ಬೆಳ್ಳಗಾದ ಭಾಗದಲ್ಲಿ ಯಾವ ವಿವರವೂ ದಾಖಲಾಗಿರುವುದಿಲ್ಲ. ಅದನ್ನು ಯಾವ ತಂತ್ರಾಂಶವೂ ಮರಳಿ ತರಲಾರದು. ಆದುದರಿಂದ ಚಿತ್ರ ತೆಗೆಯುವಾಗಲೇ ಮೊಬೈಲಿನ ಪರದೆಯ ಮೇಲೆ ಬೆಳಗುವ ಭಾಗವನ್ನು ಬೆರಳಿನಿಂದ ಮುಟ್ಟಿ ಬೆಳಕನ್ನು ತಗ್ಗಿಸಿಕೊಳ್ಳಬೇಕು. ಇಲ್ಲವೇ ಮಕ್ಕಳನ್ನು ಸೂರ್ಯನಿಗೆ ಓರೆಯಾಗಿ ನಿಲ್ಲಿಸಬೇಕು. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ತಿದ್ದುಪಡಿಯ ಅರ್ಧ ಕೆಲಸ ಉಳಿಯುತ್ತದೆ.

ಬಣ್ಣ ಮತ್ತು ಮೈಬಣ್ಣ

ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರ ಹಸಿರಾಗುವುದು, ಹಳೆಯ ಬಲ್ಬಿನ ಕೆಳಗೆ ಹಳದಿಯಾಗುವುದು, ನೀಲಿ ತಾಡಪತ್ರಿಯ ಕೆಳಗೆ ಕುಳಿತ ಮಕ್ಕಳೆಲ್ಲ ನೀಲಿಯಾಗುವುದು ಸಾಮಾನ್ಯ ಅನುಭವ. ಕಣ್ಣು ತಾನೇ ಇದನ್ನು ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾ ಕೆಲವೊಮ್ಮೆ ಎಡವುತ್ತದೆ. ಇದಕ್ಕೆ ಪರಿಹಾರ ಸುಲಭ. ಚಿತ್ರದಲ್ಲಿ ನಿಜವಾಗಿ ಬಿಳಿಯಾಗಿರಬೇಕಾದ ಅಥವಾ ಬೂದು ಬಣ್ಣದ್ದಾಗಿರಬೇಕಾದ ಒಂದು ವಸ್ತುವನ್ನು ಗುರುತಿಸಿ, 'ಲೆವೆಲ್ಸ್'ನಲ್ಲಿರುವ ಹನಿಕೊಳವೆಯ ಚಿಹ್ನೆಯಿಂದ ಅದನ್ನು ಮುಟ್ಟಿದರೆ ಉಳಿದ ಬಣ್ಣಗಳೆಲ್ಲ ಅದಕ್ಕೆ ತಕ್ಕಂತೆ ಸರಿಯಾಗುತ್ತವೆ. ಶಾಲೆಯಲ್ಲಿ ಇದಕ್ಕೆ ಒದಗುವ ವಸ್ತು ಬಿಳಿಯ ಅಂಗಿ ಅಥವಾ ಸೀಮೆಸುಣ್ಣದ ತುಂಡು. ಗುಂಪಿನ ಚಿತ್ರದ ಮೊದಲ ಪ್ರತಿಯಲ್ಲಿ ಒಂದು ಬಿಳಿಯ ಕಾಗದವನ್ನು ಹಿಡಿಸಿ ತೆಗೆದಿಟ್ಟುಕೊಂಡರೆ ಇನ್ನೂ ನಿಖರ.

ಬಣ್ಣದ ತಿದ್ದುಪಡಿಯು ಮೈಬಣ್ಣದ ತಿದ್ದುಪಡಿಯಾಗಬಾರದು. ಅನೇಕ ಮೊಬೈಲುಗಳಲ್ಲಿ 'ಬ್ಯೂಟಿ' ಎಂಬ ಆಯ್ಕೆ ಕೇಳದೆಯೇ ಚಾಲ್ತಿಯಲ್ಲಿರುತ್ತದೆ. ಅದು ಮುಖವನ್ನು ನುಣುಪಾಗಿಸಿ, ಬೆಳ್ಳಗಾಗಿಸುತ್ತದೆ. ಬಿಸಿಲಲ್ಲಿ ಬೆಳೆದ ಮಗು ಶಾಲೆಯ ಫಲಕದ ಮೇಲೆ ತನ್ನ ಚಿತ್ರದಲ್ಲಿ ತನ್ನದಲ್ಲದ ಮೈಬಣ್ಣವನ್ನು ಕಂಡರೆ, ತನ್ನ ಮುಖವನ್ನು ಗುರುಗಳು ತಿದ್ದಬೇಕಾಯಿತೆಂಬ ಪಾಠವನ್ನು ಕಲಿಯುತ್ತದೆ. ಆ ಪಾಠ ಯಾವ ಪಠ್ಯಕ್ರಮದಲ್ಲಿಯೂ ಇಲ್ಲ. ಕತ್ತಲಾದ ಮುಖಕ್ಕೆ ಬೆಳಕು ಕೊಡುವುದು ಸರಿ. ಕಪ್ಪು ಮುಖವನ್ನು ಬೆಳ್ಳಗೆ ಮಾಡುವುದು ತಪ್ಪು. ಶಿಬಿರ ಮುಗಿಸಿ ಊರಿಗೆ ಮರಳಿದ ದಿನವೇ ಶಿಕ್ಷಕರು ತಮ್ಮ ಮೊಬೈಲಿನ ಆ ಆಯ್ಕೆಯನ್ನು ನಿಲ್ಲಿಸುವುದು ಉಚಿತ.

ಓರೆಯಾದ ಪುಟ, ಬಿದ್ದುಹೋದ ಸೀಳು

ಪುಸ್ತಕದ ಪುಟವನ್ನು ಕೈಯಲ್ಲಿ ಹಿಡಿದು ತೆಗೆದ ಚಿತ್ರದಲ್ಲಿ ಮೇಲಂಚು ಕಿರಿದಾಗಿ, ಕೆಳಅಂಚು ಅಗಲವಾಗಿ ಕಾಣುತ್ತದೆ. ಎತ್ತರದ ಶಿಲೆಯನ್ನು ಕೆಳಗಿನಿಂದ ತೆಗೆದಾಗಲೂ ಹೀಗೆಯೇ. ಜಿಂಪಿನ 'ಪರ್ಸ್‌ಪೆಕ್ಟಿವ್' ಸಾಧನದಿಂದ ನಾಲ್ಕು ಮೂಲೆಗಳನ್ನು ಎಳೆದು ಆಯತವಾಗಿಸಬಹುದು. ಚಿತ್ರ ಬರಿಯ ಓರೆಯಾಗಿದ್ದರೆ 'ರೊಟೇಟ್' ಸಾಕು. ಸುತ್ತಲಿನ ಅನಗತ್ಯ ಭಾಗವನ್ನು 'ಕ್ರಾಪ್' ಮಾಡುವ ಮುನ್ನ ಒಮ್ಮೆ ಯೋಚಿಸಬೇಕು. ಪುಟದ ಅಂಚಿನಲ್ಲಿ ಯಾರೋ ಬರೆದ ಟಿಪ್ಪಣಿ, ಪುಟಸಂಖ್ಯೆ, ಹಳೆಯ ಮೊಹರು ಮುಖ್ಯವಾಗಿರಬಹುದು.

ಕಾಗದದ ಮೇಲೆ ಕೈಯ ನೆರಳು ಬೀಳದಂತೆ, ಕಿಟಕಿಯ ಪಕ್ಕದಲ್ಲಿ, ಫ್ಲ್ಯಾಶ್ ಇಲ್ಲದೆ ಚಿತ್ರ ತೆಗೆಯುವುದು ಉತ್ತಮ. ಹಾಗೆ ತೆಗೆದ ಚಿತ್ರದ ಕಾಗದ ಹಳದಿಯಾಗಿ, ಅಕ್ಷರ ಮಂಕಾಗಿ ಕಂಡರೆ ಎರಡು ದಾರಿಗಳಿವೆ. 'ಥ್ರೆಶೋಲ್ಡ್' ಎಂಬ ಸಾಧನವು ಎಲ್ಲವನ್ನೂ ಪೂರ್ತಿ ಕಪ್ಪು ಅಥವಾ ಪೂರ್ತಿ ಬಿಳಿಯಾಗಿಸುತ್ತದೆ. ನೋಡಲು ಅಚ್ಚುಕಟ್ಟು, ಝೆರಾಕ್ಸ್ ತೆಗೆಯಲು ಸುಲಭ. ಆದರೆ ಕನ್ನಡ ಲಿಪಿಗೆ ಅದು ಅಪಾಯಕಾರಿ. ದ–ಧ, ಡ–ಢ, ಪ–ಫ ಈ ಜೋಡಿಗಳ ನಡುವಿನ ಅಂತರ ಕೆಳಗಿನ ಒಂದು ಪುಟ್ಟ ಸೀಳು ಮಾತ್ರ. ಮಾಸಿದ ಬರಹದಲ್ಲಿ ಆ ಸೀಳು ಬೂದು ಬಣ್ಣದಲ್ಲಿ ಉಳಿದಿರುತ್ತದೆ. 'ಥ್ರೆಶೋಲ್ಡ್' ಅದನ್ನು ಬಿಳಿಯೆಂದು ಎಣಿಸಿ ಅಳಿಸಿಬಿಟ್ಟರೆ 'ಧನ' ಹೋಗಿ 'ದನ'ವಾಗುತ್ತದೆ. ಮಗುವಿನ ಅಭ್ಯಾಸದ ಹಾಳೆಯಲ್ಲಿ ಇದು ಕಾಗುಣಿತದ ತಪ್ಪು. ಮನೆತನದ ಹಳೆಯ ಪತ್ರದಲ್ಲಿ ಇದು ಆಸ್ತಿಯ ವಿವರವೇ ಬದಲಾದಂತೆ. ಆದುದರಿಂದ ಕಾಗದಕ್ಕೆ 'ಲೆವೆಲ್ಸ್' ಸಾಧನವನ್ನೇ ಬಳಸಿ, ಬಿಳಿಯ ಗುಂಡಿಯನ್ನು ಮೆಲ್ಲನೆ ಎಡಕ್ಕೆ ತಂದು, ಬೂದು ಗೆರೆಗಳು ಉಳಿದಿರುವಾಗಲೇ ನಿಲ್ಲಿಸುವುದು ಕ್ಷೇಮಕರ.

ಇದು ಕೇವಲ ಅತಿಯಾದ ಎಚ್ಚರಿಕೆ ಎನ್ನುವಂತಿಲ್ಲ. 2013ರಲ್ಲಿ ಜರ್ಮನಿಯ ಗಣಕತಜ್ಞ ಡೇವಿಡ್ ಕ್ರೀಸೆಲ್ ಅವರು ಝೆರಾಕ್ಸ್ ಕಂಪನಿಯ ಕೆಲವು ಸ್ಕ್ಯಾನಿಂಗ್ ಯಂತ್ರಗಳು ಕಟ್ಟಡದ ನಕ್ಷೆಯಲ್ಲಿದ್ದ ಅಂಕಿಗಳನ್ನೇ ಬದಲಾಯಿಸುತ್ತಿರುವುದನ್ನು ಪತ್ತೆಹಚ್ಚಿದರು. ಕಡತವನ್ನು ಚಿಕ್ಕದಾಗಿಸಲು ಆ ಯಂತ್ರಗಳು ಒಂದೇ ತೆರನಾಗಿ ಕಂಡ ಗುರುತುಗಳ ಜಾಗದಲ್ಲಿ ಒಂದೇ ಗುರುತನ್ನು ಮತ್ತೆ ಮತ್ತೆ ಕೂರಿಸುತ್ತಿದ್ದವು. ಹೀಗಾಗಿ 6 ಇದ್ದಲ್ಲಿ 8 ಬಂದು ಕುಳಿತಿತ್ತು. ಮಸುಕಾದ ಅಕ್ಷರವನ್ನು ಕಂಡ ಓದುಗ ಅನುಮಾನಪಡುತ್ತಾನೆ. ಸ್ಪಷ್ಟವಾಗಿರುವ ತಪ್ಪು ಅಕ್ಷರವನ್ನು ಕಂಡವನು ನಂಬಿಬಿಡುತ್ತಾನೆ. ಈ ದೋಷದ ಅಪಾಯವೂ ಅದೇ ಆಗಿತ್ತು: ಪ್ರತಿಯು ನೋಡಲು ಸ್ವಚ್ಛವಾಗಿತ್ತು.

ಮಸುಕು: ಗುಣವಾಗದ ರೋಗ

ಕೈ ಅಲುಗಿ ಮಸುಕಾದ ಚಿತ್ರಕ್ಕೆ ನಿಜವಾದ ಔಷಧವಿಲ್ಲ. 'ಶಾರ್ಪನ್' ಅಥವಾ 'ಅನ್‌ಶಾರ್ಪ್ ಮಾಸ್ಕ್' ಎಂಬ ಸಾಧನವು ಗೆರೆಗಳ ಅಂಚಿನಲ್ಲಿ ಕಪ್ಪು–ಬಿಳಿಯ ಅಂತರವನ್ನು ಹೆಚ್ಚಿಸುತ್ತದೆ. ಕಣ್ಣಿಗೆ ಚಿತ್ರ ಚುರುಕಾಗಿ ಕಾಣುತ್ತದೆ. ಅಲ್ಪ ಪ್ರಮಾಣದಲ್ಲಿ ಇದು ಉಪಯುಕ್ತ. ಮಿತಿಮೀರಿದರೆ ಪ್ರತಿ ಅಕ್ಷರದ ಸುತ್ತ ಬಿಳಿಯ ಪ್ರಭೆ ಮೂಡುತ್ತದೆ, ಕಲ್ಲಿನ ಒರಟೆಲ್ಲ ಗೆರೆಗಳಂತೆ ಕಾಣತೊಡಗುತ್ತದೆ. ಕಡಿಮೆ ಬೆಳಕಿನಲ್ಲಿ ಮೂಡುವ ಕಾಳುಗಳನ್ನು ಅಳಿಸುವ ಸಾಧನವು ಇದಕ್ಕೆ ವಿರುದ್ಧ: ಅದು ಕಾಳುಗಳೊಂದಿಗೆ ಸಣ್ಣ ಗೆರೆಗಳನ್ನೂ ನುಣ್ಣಗೆ ಒರೆಸಿಬಿಡುತ್ತದೆ.

ಈಚಿನ ದಿನಗಳಲ್ಲಿ ಕೃತಕ ಬುದ್ಧಿಮತ್ತೆಯ ಸಾಧನಗಳು ಮಸುಕಾದ ಮುಖವನ್ನು ಕ್ಷಣದಲ್ಲಿ ಸ್ಪಷ್ಟಗೊಳಿಸುತ್ತವೆ. ಅವು ಮಾಡುವುದು ಊಹೆ. ತಾವು ಕಲಿತ ಲಕ್ಷಾಂತರ ಮುಖಗಳಿಂದ ಹೊಂದುವ ಕಣ್ಣು, ಮೂಗುಗಳನ್ನು ಹೊಸದಾಗಿ ಬರೆದು ಕೂರಿಸುತ್ತವೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪಲ್ಸ್ ಎಂಬ ಇಂತಹ ಸಾಧನಕ್ಕೆ ಬರಾಕ್ ಒಬಾಮ ಅವರ ಮಸುಕಾದ ಚಿತ್ರವನ್ನು ಕೊಟ್ಟಾಗ ಅದು ಒಬ್ಬ ಬಿಳಿಯನ ಮುಖವನ್ನು ಬರೆದುಕೊಟ್ಟಿತು. ಲೋಕವೆಲ್ಲ ಬಲ್ಲ ಮುಖವಾಗಿದ್ದುದರಿಂದ ಆ ತಪ್ಪು ಬೆಳಕಿಗೆ ಬಂತು. ಉಮರ್ಗಾದ ಒಬ್ಬ ರೈತನ ಮುಖದಲ್ಲಿ ಇದೇ ತಪ್ಪು ಆದರೆ ಅದನ್ನು ಗುರುತಿಸಬಲ್ಲವರು ಮನೆಯ ಒಬ್ಬಿಬ್ಬರು ಹಿರಿಯರು ಮಾತ್ರ.

ಕಲ್ಲಿನ ಮೇಲಿನ ಕನ್ನಡ

ಜೇಮ್ಸ್ ಬರ್ಜೆಸ್ ಅವರು 1875–76ರಲ್ಲಿ ಬೀದರ ಮತ್ತು ಔರಂಗಾಬಾದ ಜಿಲ್ಲೆಗಳ ಪ್ರಾಚೀನ ಅವಶೇಷಗಳನ್ನು ಪರಿಶೀಲಿಸಿ 1878ರಲ್ಲಿ ವರದಿ ಪ್ರಕಟಿಸಿದರು. ಔಸಾ ತಾಲೂಕಿನ ಖರೋಸಾ ಗುಹೆಗಳು ಅದರಲ್ಲಿವೆ. ಆ ಕಾಲದ ಸಂಶೋಧಕರನ್ನೂ ಇಂದಿನ ಶಿಕ್ಷಕರ ಪ್ರಶ್ನೆಯೇ ಕಾಡಿತ್ತು. ಶಾಸನವನ್ನು ಕಣ್ಣಿನಿಂದ ನೋಡಿ ಕೈಯಿಂದ ನಕಲು ಮಾಡಿದಾಗ, ಬರೆಯುವವನು ತನಗೆ ಅರ್ಥವಾದ ಅಕ್ಷರವನ್ನೇ ಕಲ್ಲಿನಲ್ಲಿ ಕಾಣುತ್ತಿದ್ದ. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಬಡಿದು, ಮಸಿ ಲೇಪಿಸಿ ತೆಗೆಯುವ ಪಡಿಯಚ್ಚು ಈ ದೋಷಕ್ಕೆ ಪರಿಹಾರವಾಗಿ ಬಂತು. ಕನ್ನಡ ಶಾಸನಗಳಲ್ಲಿ ಬಹುಕಾಲ ದುಡಿದ ಜೆ. ಎಫ್. ಫ್ಲೀಟ್ ಅವರು 1888ರಲ್ಲಿ ಹೊರತಂದ ಗುಪ್ತರ ಶಾಸನಗಳ ಸಂಪುಟದಲ್ಲಿ ಇಂತಹ ಯಾಂತ್ರಿಕ ಪ್ರತಿಕೃತಿಗಳನ್ನು ಕೊಟ್ಟರು. ಓದು ತಪ್ಪಿದ್ದರೂ ಪ್ರತಿಕೃತಿ ಸರಿಯಿದ್ದರೆ ಮುಂದಿನವರು ತಿದ್ದಿಕೊಳ್ಳಬಹುದು ಎಂಬುದೇ ಇಂತಹ ಪ್ರತಿಯ ಬಲ. ಇಂದು ಬೆಂಗಳೂರಿನ ಮಿಥಿಕ್ ಸೊಸೈಟಿಯು ಕನ್ನಡ ಶಾಸನಗಳನ್ನು ತ್ರಿವಿಮಾ ಸ್ಕ್ಯಾನಿಂಗ್ ಮೂಲಕ ದಾಖಲಿಸುತ್ತಿರುವುದು ಇದೇ ಹಾದಿಯ ಮುಂದಿನ ಹೆಜ್ಜೆ.

ಶಿಕ್ಷಕರ ಮೊಬೈಲೂ ಈ ಕೆಲಸಕ್ಕೆ ಸಾಲುತ್ತದೆ. ನಡುಹಗಲಿನ ನೇರ ಬಿಸಿಲಿನಲ್ಲಿ ಕೊರೆದ ಅಕ್ಷರ ಕಾಣದು. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ಪ್ರತಿ ಗೀರಿನಲ್ಲಿಯೂ ನೆರಳು ತುಂಬಿ ಅಕ್ಷರ ಎದ್ದು ಬರುತ್ತದೆ. ಗುಡಿಯ ಒಳಗಾದರೆ ಒಂದು ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಹಾಯಿಸಬಹುದು, ಅಥವಾ ಮುಸ್ಸಂಜೆಯಲ್ಲಿ ಟಾರ್ಚನ್ನು ಕಲ್ಲಿಗೆ ಒತ್ತಿ ಹಿಡಿಯಬಹುದು. ಎಡ, ಬಲ, ಮೇಲು, ಕೆಳಗು ಹೀಗೆ ನಾಲ್ಕು ದಿಕ್ಕಿನಿಂದ ಬೆಳಕು ಕೊಟ್ಟು ನಾಲ್ಕು ಚಿತ್ರ ತೆಗೆದರೆ, ಒಂದರಲ್ಲಿ ಅಡಗಿದ ಗೆರೆ ಇನ್ನೊಂದರಲ್ಲಿ ಕಾಣುತ್ತದೆ. ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು ಇಡಬೇಕು. ಕಲ್ಲಿನ ಮೇಲ್ಭಾಗದಲ್ಲಿ ಸೂರ್ಯ, ಚಂದ್ರ, ಲಿಂಗ, ಹಸು–ಕರುಗಳ ಕೆತ್ತನೆ ಇದ್ದರೆ ಅದನ್ನೂ ಚಿತ್ರದೊಳಗೆ ಸೇರಿಸಬೇಕು. ಅದು ಶಾಸನದ ಅಂಗವೇ ಆಗಿದೆ.

ಅಕ್ಷರ ಕಾಣಲೆಂದು ಸೀಮೆಸುಣ್ಣ, ಹಿಟ್ಟು, ಎಣ್ಣೆ ಹಚ್ಚುವ ರೂಢಿಯನ್ನು ಬಿಡಬೇಕು. ಅದು ಕಲ್ಲಿಗೆ ಕೇಡು. ಸಾಲದ್ದಕ್ಕೆ, ಸೀಮೆಸುಣ್ಣದಿಂದ ತೀಡಿದ ಅಕ್ಷರ ತೀಡಿದವನ ಊಹೆಯೇ ಹೊರತು ಕಲ್ಲಿನ ಸಾಕ್ಷ್ಯವಲ್ಲ. ಹಳಗನ್ನಡ ಲಿಪಿಯಲ್ಲಿ ಮ ಮತ್ತು ವ ಒಂದಕ್ಕೊಂದು ತೀರ ಹತ್ತಿರ. ಕಲ್ಲಿನ ಒಂದು ಕುಳಿ ಅನುಸ್ವಾರದಂತೆ ಕಾಣಬಹುದು.

ತಿದ್ದುವಾಗ ಮೊದಲು ಚಿತ್ರವನ್ನು ಕಪ್ಪು–ಬಿಳುಪಿಗೆ ತಿರುಗಿಸಿ, 'ಕರ್ವ್ಸ್' ಸಾಧನದಿಂದ ನೆರಳು–ಬೆಳಕಿನ ಅಂತರವನ್ನು ಹೆಚ್ಚಿಸಬೇಕು. ಕೊರೆದ ಅಕ್ಷರಗಳು ಉಬ್ಬಿದಂತೆ ಕಂಡರೆ ಅದು ಕಣ್ಣಿನ ಭ್ರಮೆ: ಬೆಳಕು ಮೇಲಿನಿಂದ ಬರುತ್ತದೆಂದು ಮನಸ್ಸು ಎಣಿಸುತ್ತದೆ. ಬೆಳಕು ಯಾವ ಕಡೆಯಿಂದ ಬಂದಿತೆಂದು ಕಡತದ ಹೆಸರಿನಲ್ಲಿಯೇ ಬರೆದಿಟ್ಟರೆ ಈ ಗೊಂದಲ ತಪ್ಪುತ್ತದೆ. 'ಕ್ಲೋನ್' ಮತ್ತು 'ಹೀಲ್' ಸಾಧನಗಳನ್ನು ಶಾಸನದ ಚಿತ್ರದಲ್ಲಿ ಬಳಸಲೇಬಾರದು. ಒಡೆದ ಭಾಗ ಒಡೆದಂತೆಯೇ ಉಳಿಯಲಿ.

ಗೋಡೆಯ ಮೇಲಿನ ಭಾವಚಿತ್ರ

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದ ಹೊತ್ತಿನಲ್ಲಿ, ಕಿಲ್ಲಾರಿಯ ಭೂಕಂಪ ಸಂಭವಿಸಿತು. ಔಸಾ ಮತ್ತು ಉಮರ್ಗಾ ತಾಲೂಕುಗಳ ಹಳ್ಳಿಗಳಲ್ಲಿ ಕಲ್ಲು–ಮಣ್ಣಿನ ದಪ್ಪ ಗೋಡೆಗಳು, ಮಣ್ಣಿನ ಭಾರದ ಮಾಳಿಗೆಗಳು ಕುಸಿದು ಸಾವಿರಾರು ಜನ ಸತ್ತರು. ಅನೇಕ ಊರುಗಳನ್ನು ಹೊಸ ಜಾಗದಲ್ಲಿ ಕಟ್ಟಬೇಕಾಯಿತು. ಮನೆಯೊಂದಿಗೆ ಪೆಟ್ಟಿಗೆ, ಪೆಟ್ಟಿಗೆಯೊಂದಿಗೆ ಫೋಟೊಗಳು ಮಣ್ಣುಪಾಲಾದ ಮನೆಗಳಿವೆ. ಅಂತಹ ಮನೆಯಲ್ಲಿ ಒಂದು ಪಾಸ್‌ಪೋರ್ಟ್ ಅಳತೆಯ ಚಿತ್ರ ಉಳಿದಿದ್ದರೆ ಅದು ಆ ಮನುಷ್ಯನ ಒಂದೇ ಗುರುತು. ಶಾಲೆಯಲ್ಲಿ ಕಂಪ್ಯೂಟರು ಬಲ್ಲ ಗುರುಗಳಿದ್ದಾರೆಂದು ಅಂತಹ ಚಿತ್ರ ಅವರ ಕೈಗೆ ಬರುವುದು ಸಹಜ.

3.5 × 4.5 ಸೆಂಟಿಮೀಟರಿನ ಅಂತಹ ಚಿತ್ರವನ್ನು ಮೊಬೈಲಿನಿಂದ ತೆಗೆಯುವುದಕ್ಕಿಂತ ಸ್ಕ್ಯಾನರಿನಲ್ಲಿ 1200 ಡಿಪಿಐಗೆ ಇಟ್ಟು ಪಡೆಯುವುದು ಮೇಲು. ಆಗ ಸುಮಾರು 1650 × 2120 ಬಿಂದುಗಳು ದೊರೆತು, ಒಳ್ಳೆಯ ಮುದ್ರಣಕ್ಕೆ ಬೇಕಾದ ಇಂಚಿಗೆ 300 ಬಿಂದುಗಳ ಲೆಕ್ಕದಲ್ಲಿ 5.5 × 7 ಇಂಚಿನ ಪ್ರತಿ ಬರುತ್ತದೆ. ಚೌಕಟ್ಟಿನ ಗಾಜಿಗೆ ಚಿತ್ರ ಅಂಟಿಕೊಂಡಿದ್ದರೆ ಕೀಳಬಾರದು. ಗಾಜಿನ ಮೇಲಿಂದಲೇ, ಹೊಳಪು ಬೀಳದಂತೆ ಪಕ್ಕದ ಬೆಳಕಿನಲ್ಲಿ ತೆಗೆಯಬೇಕು. 1970–80ರ ದಶಕಗಳ ಬಣ್ಣದ ಪ್ರತಿಗಳು ಪೆಟ್ಟಿಗೆಯಲ್ಲಿದ್ದೂ ಕೆಂಪಾಗುವುದುಂಟು. ಅವುಗಳ ಮೂರು ವರ್ಣಪದರಗಳಲ್ಲಿ ಹಸಿರು–ನೀಲಿಯ ಪದರ ಬೇಗ ಮಾಸುವುದೇ ಇದಕ್ಕೆ ಕಾರಣ. 'ಲೆವೆಲ್ಸ್'ನಲ್ಲಿ ಕೆಂಪು, ಹಸಿರು, ನೀಲಿಗಳನ್ನು ಒಂದೊಂದಾಗಿ ತೆರೆದು, ಪ್ರತಿಯೊಂದರ ಎರಡು ತುದಿಯ ಗುಂಡಿಗಳನ್ನು ನಕ್ಷೆಯ ಗುಡ್ಡ ಆರಂಭವಾಗುವಲ್ಲಿಗೆ ತಂದರೆ ಬಣ್ಣ ಬಹುಮಟ್ಟಿಗೆ ಮರಳುತ್ತದೆ.

ಗೀರು, ಮಡಿಕೆ, ಚುಕ್ಕೆಗಳನ್ನು 'ಹೀಲ್' ಸಾಧನದಿಂದ ಅಳಿಸಬಹುದು. ಹಿನ್ನೆಲೆಯಲ್ಲಿ, ಅಂಗಿಯ ಮೇಲೆ ಇದು ನಿರಪಾಯಕಾರಿ. ಮುಖದ ಮೇಲೆ ಬಂದಾಗ ಕುಂಚವನ್ನು ಚಿಕ್ಕದು ಮಾಡಿಕೊಂಡು, ಗೀರಿನ ಅಗಲಕ್ಕಷ್ಟೇ ತಿದ್ದಬೇಕು. ಕೆನ್ನೆಯ ಮೇಲಿನ ಕಲೆ ಕಾಗದದ್ದೋ, ಮನುಷ್ಯನದ್ದೋ ಎಂದು ಮನೆಯವರನ್ನು ಕೇಳದೆ ಮುಟ್ಟಬಾರದು. ಆ ಮಚ್ಚೆಯಿಂದಲೇ ಅವರನ್ನು ನೆನೆಯುವವರು ಇರಬಹುದು.

ಇಂತಹ ಸಂದರ್ಭವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಶಾಲೆಗೆ ಬಂದ ಮುದುಕಿಯೊಬ್ಬಳು ಸೆರಗಿನ ಗಂಟಿನಿಂದ ಚಿತ್ರವನ್ನು ಬಿಚ್ಚಿ, "ಮಾಸ್ತರ, ಇಂವ ನಮ್ಮ ತಮ್ಮ. ಭೂಕಂಪದಾಗ ಹೋದ. ಮಾರಿ ಚಂದಂಗ ಕಾಣೂಹಂಗ ಮಾಡಿಕೊಡ್ರಿ" ಎನ್ನುತ್ತಾಳೆ. ನೀರು ತಾಗಿ ಒಂದು ಕಣ್ಣಿನ ಭಾಗ ಅಳಿಸಿಹೋಗಿದೆ. ಕೃತಕ ಬುದ್ಧಿಮತ್ತೆಯ ಸಾಧನದಿಂದ ಅರ್ಧ ನಿಮಿಷದಲ್ಲಿ ಎರಡೂ ಕಣ್ಣುಳ್ಳ ಮುಖ ಸಿದ್ಧವಾದೀತು. ಅದು ತಮ್ಮನ ಮುಖವಾಗಿರದು. ಗುರುಗಳು ಮಾಡಬಹುದಾದುದು ಬೆಳಕನ್ನು ಏರಿಸುವುದು, ಹಳದಿಯನ್ನು ತೆಗೆಯುವುದು, ಮಡಿಕೆಯ ಗೆರೆಯನ್ನು ಅಳಿಸುವುದು, ದೊಡ್ಡ ಪ್ರತಿ ತೆಗೆಸಿಕೊಡುವುದು. ಉಳಿದುದಕ್ಕೆ, "ಆಯಿ, ಫೋಟೊದಾಗ ಇದ್ದಷ್ಟು ತಂದೀನ್ರಿ. ಆ ಕಣ್ಣು ಇದರಾಗ ಉಳಿದಿಲ್ಲ. ನಾ ಬರದ್ರ ಅದು ಬ್ಯಾರೆಯವರ ಕಣ್ಣಾಗ್ತದ" ಎಂದು ಹೇಳುವ ಧೈರ್ಯ ಬೇಕು. ಅಷ್ಟನ್ನು ಕೇಳಿಯೂ ಮನೆಯವರು ತುಂಬಿದ ಪ್ರತಿಯೇ ಬೇಕೆಂದರೆ ಮಾಡಿಕೊಡುವುದು ತಪ್ಪಲ್ಲ. ಆದರೆ ಅದರ ಹಿಂಬದಿಯಲ್ಲಿ 'ಊಹಿಸಿ ತುಂಬಿದ್ದು' ಎಂದು ಬರೆದು, ತುಂಬದ ಪ್ರತಿಯನ್ನೂ ಜೊತೆಗೆ ಕೊಡಬೇಕು. ಮೊಮ್ಮಕ್ಕಳಿಗೆ ಎರಡರ ಭೇದ ತಿಳಿದಿರಬೇಕು.

ತರಗತಿಯಲ್ಲಿ ಒಂದು ಅಭ್ಯಾಸ

ಈ ವಿವೇಕವನ್ನು ಮಕ್ಕಳಿಗೂ ಕಲಿಸಬಹುದು. ಆರನೆಯ ಅಥವಾ ಏಳನೆಯ ತರಗತಿಯ ಮಕ್ಕಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಊರಿನ ಯಾವುದಾದರೊಂದು ಬರಹದ ಚಿತ್ರ ತೆಗೆಯಲು ಹೇಳಬೇಕು: ಗುಡಿಯ ಕಟ್ಟೆಯ ಮೇಲಿನ ಹೆಸರು, ಬಾವಿಯ ಕಲ್ಲು, ಅಜ್ಜನ ಲೆಕ್ಕದ ಪುಸ್ತಕ. ಬರಹ ಕನ್ನಡದಲ್ಲಿಯೇ ಇರಬೇಕೆಂದಿಲ್ಲ. ಮರಾಠಿ, ಮೋಡಿ, ಉರ್ದುವೂ ಇದೇ ಊರಿನವು. ಪ್ರತಿ ಗುಂಪು ಮೂಲವನ್ನೂ ತಿದ್ದಿದ ಪ್ರತಿಯನ್ನೂ ಪಕ್ಕಪಕ್ಕದಲ್ಲಿಟ್ಟು ಮೂರು ವಾಕ್ಯ ಬರೆಯಬೇಕು: ಮೂಲದಲ್ಲಿ ಏನು ದೋಷವಿತ್ತು, ಏನನ್ನು ತಿದ್ದಲಾಯಿತು, ಏನನ್ನು ತಿದ್ದದೆ ಬಿಡಲಾಯಿತು ಮತ್ತು ಏಕೆ. ಮೂರನೆಯ ವಾಕ್ಯವೇ ಈ ಪಾಠದ ತಿರುಳು. ಮಗು ಅದನ್ನು ಸ್ವಂತ ಮಾತಿನಲ್ಲಿ ಬರೆದರೆ ಭಾಷೆಯ ಅಭ್ಯಾಸವೂ ಆಯಿತು, ಸಾಕ್ಷ್ಯವನ್ನು ಗೌರವಿಸುವ ಅಭ್ಯಾಸವೂ ಆಯಿತು.

ವರ್ಷಾಂತ್ಯದಲ್ಲಿ ಆ ಚಿತ್ರಗಳನ್ನೆಲ್ಲ ಶಾಲೆಯ ಕಂಪ್ಯೂಟರಿನಲ್ಲಿ ಒಂದು ಕಡೆ, ಪೆನ್‌ಡ್ರೈವಿನಲ್ಲಿ ಇನ್ನೊಂದು ಕಡೆ ಕೂಡಿಡಬೇಕು. ಹತ್ತು ವರ್ಷ ಹೀಗೆ ನಡೆದರೆ ಆ ಊರಿನ ಬರಹದ ದಾಖಲೆಯೊಂದು ಶಾಲೆಯಲ್ಲಿಯೇ ಸಿದ್ಧವಾಗುತ್ತದೆ. ಅದರಲ್ಲಿ ಮಸುಕಾದ ಚಿತ್ರಗಳಿರುತ್ತವೆ, ಅರ್ಧ ಅಕ್ಷರಗಳಿರುತ್ತವೆ, ಓದಲಾಗದ ಸಾಲುಗಳಿರುತ್ತವೆ. ಇಂದು ಓದಲಾಗದ ಆ ಸಾಲನ್ನು ನಾಳೆ ಅದೇ ಶಾಲೆಯ ವಿದ್ಯಾರ್ಥಿಯೊಬ್ಬ ಓದಬಹುದು; ಇಂದಿನ ಶಿಕ್ಷಕರು ಅದರ ಮೇಲೆ ತಮ್ಮ ಅಕ್ಷರವನ್ನು ಬರೆಯದಿದ್ದರೆ.